ಹಳ್ಳಿ ಚರ್ಚಿನ ಬಾಗಿಲನ್ನೂ ಒಮ್ಮೆ ತಳ್ಳಿ ನೋಡಿ

ಮಾನ್ಯ ಸಂಪಾದಕರೇ,

ಹತ್ತು ದಿನಗಳಲ್ಲಿ ಇಂಗ್ಲೆಂಡ್ ಸುತ್ತುವುದು ಹೇಗೆಂದು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನೂ, ಅದಕ್ಕೆ ಓದುಗರೊಬ್ಬರು ಬರೆದ ಪ್ರತಿಕ್ರಿಯೆಯನ್ನೂ ಓದಿದೆ. ಲೇಖನದ ಬಗ್ಗೆ ನನ್ನ ತಕರಾರು ಸಣ್ಣದು. ಲಂಡನ್, ಆಕ್ಸ್‌ಫರ್ಡ್, ಸ್ಟೋನ್‌ಹೆಂಜ್ ಎಲ್ಲ ಇವೆ, ನಡುವಿನ ಹಳ್ಳಿಗಳು ಮಾತ್ರ ಬಸ್ಸಿನ ಕಿಟಕಿಯಲ್ಲೇ ಕಳೆದುಹೋಗಿವೆ. ಪ್ರತಿಕ್ರಿಯೆ ಬರೆದ ಮಹನೀಯರ ಮೇಲಿನ ತಕರಾರು ಅಷ್ಟು ಸಣ್ಣದಲ್ಲ. 'ಅಲ್ಲಿನ ಚರ್ಚುಗಳಿಗೆ ದುಡ್ಡು ಸುರಿಯಬೇಡಿ, ಒಂದನ್ನು ನೋಡಿದರೆ ಎಲ್ಲವನ್ನೂ ನೋಡಿದ ಹಾಗೆ, ಹಳ್ಳಿಯವಂತೂ ಸದಾ ಬೀಗ ಹಾಕಿರುತ್ತವೆ, ಅಷ್ಟಕ್ಕೂ ಅದೆಲ್ಲ ನಮಗೇಕೆ' ಎಂದು ಅವರು ಅಪ್ಪಣೆ ಕೊಡಿಸಿದ್ದಾರೆ. ಮದುವೆಯಾಗಿ ಬಂದಾಗಿನಿಂದ ನಾನು ಇಂಗ್ಲೆಂಡಿನ ಪೂರ್ವ ಅಂಚಿನ ಸಫೋಕ್ ಕೌಂಟಿಯಲ್ಲಿದ್ದೇನೆ, ಆಸ್ಪತ್ರೆಯೊಂದರ ಕಚೇರಿಯಲ್ಲಿ ಗುಮಾಸ್ತೆಯಾಗಿ ದುಡಿದು ನಿವೃತ್ತಳಾಗಿದ್ದೇನೆ. ಬೆಳಗ್ಗೆ ಎದ್ದು ಮನೆಯಲ್ಲಿ ದೇವರ ದೀಪ ಹಚ್ಚುವವಳೇ. ಆದರೂ ಬಿಸಿಲು ಬಂದ ದಿನ ನಾನು ಮತ್ತು ನಮ್ಮ ಯಜಮಾನರು ಬುತ್ತಿ ಕಟ್ಟಿಕೊಂಡು ಹೋಗುವುದು ಯಾವುದಾದರೊಂದು ಹಳ್ಳಿಯ ಹಳೇ ಚರ್ಚಿಗೆ. ಆದ್ದರಿಂದ ಸುಮ್ಮನಿರಲಾಗಲಿಲ್ಲ.

ದುಡ್ಡಿನ ಮಾತನ್ನು ಬೇಗ ಮುಗಿಸುತ್ತೇನೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಗೆ ಒಬ್ಬರಿಗೆ 30 ಪೌಂಡಿನ ಆಸುಪಾಸು ಟಿಕೆಟ್ ಇದೆ, ಅದು ನಿಜ. ಆದರೆ ಹಳ್ಳಿಯ ಪ್ಯಾರಿಷ್ ಚರ್ಚುಗಳಲ್ಲಿ, ಅಂದರೆ ಆಯಾ ಊರಿನವರ ಚರ್ಚುಗಳಲ್ಲಿ, ಟಿಕೆಟ್ಟೇ ಇಲ್ಲ. ಬಾಗಿಲ ಪಕ್ಕದ ಗೋಡೆಯಲ್ಲಿ ಕಾಣಿಕೆ ಪೆಟ್ಟಿಗೆ ಇರುತ್ತದೆ, ಮನಸ್ಸಿದ್ದರೆ ಹಾಕಬಹುದು. ಬೀಗದ ಮಾತೂ ಅರ್ಧ ಸತ್ಯ. ಊರಾಚೆಯ ಕೆಲವಕ್ಕೆ ಕಳ್ಳರ ಭಯದಿಂದ ಬೀಗ ಹಾಕಿರುತ್ತಾರೆ, ಆಗ ಮುಂಭಾಗದ ಮಂಟಪದಲ್ಲಿ ಬೀಗದ ಕೈ ಯಾರ ಮನೆಯಲ್ಲಿದೆ ಎಂಬ ಚೀಟಿಯನ್ನು ಹುಡುಕಬೇಕು. ಉಳಿದವು ಎಷ್ಟೋ ಕಡೆ ಹಗಲೆಲ್ಲ ತೆರೆದೇ ಇರುತ್ತವೆ. ಹೊರಗಿನಿಂದ ಮುಚ್ಚಿದಂತೆ ಕಂಡರೂ ಓಕ್ ಮರದ ಆ ದಪ್ಪ ಬಾಗಿಲ ಕಬ್ಬಿಣದ ಬಳೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುವಬೇಕು. ಒಳಗೆ ಚಿಲಕ ಟಕ್ಕೆಂದು ಎದ್ದರೆ ಭುಜ ಕೊಟ್ಟು ತಳ್ಳಬೇಕು. ನಮ್ಮ ಎಷ್ಟೋ ನೆಂಟರು ಬಳೆಯನ್ನು ಬೆರಳ ತುದಿಯಲ್ಲಿ ಅಲ್ಲಾಡಿಸಿ 'ಬೀಗ ಹಾಕಿದೆ ಕಣೇ' ಎಂದು ವಾಪಸ್ಸು ಬಂದದ್ದನ್ನು ಕಂಡಿದ್ದೇನೆ. ಪ್ರತಿಕ್ರಿಯೆ ಬರೆದವರೂ ಹಾಗೇ ಮಾಡಿರಬಹುದೆಂದು ನನ್ನ ಗುಮಾನಿ.

ಇನ್ನು 'ಎಲ್ಲ ಒಂದೇ ಥರ' ಎಂಬ ಮಾತು. ಇದಕ್ಕೆ ಉತ್ತರ ಕೊಡಲು ನಾನು ದೂರ ಹೋಗಬೇಕಾಗಿಲ್ಲ. ಸಫೋಕ್ ಒಂದರಲ್ಲೇ ಮಧ್ಯಯುಗದ ಚರ್ಚುಗಳು ಸುಮಾರು 500 ಇವೆ. ಅವುಗಳಲ್ಲಿ ಬ್ಲೈತ್‌ಬರ ಎಂಬ ಹಳ್ಳಿಯದನ್ನೇ ತೆಗೆದುಕೊಳ್ಳಿ. ಊರು ಅಂಗೈಯಗಲ, ಚರ್ಚು ಮಾತ್ರ ಹಡಗಿನಷ್ಟು. ನದಿಯ ಜೌಗಿನಂಚಿನ ದಿಬ್ಬದ ಮೇಲೆ ನಿಂತಿದೆ. ಒಂದು ಕಾಲಕ್ಕೆ ಅದು ಬಂದರು, ವ್ಯಾಪಾರ ಇತ್ತು, ಹಣವಿತ್ತು. ನದಿ ಹೂಳು ತುಂಬಿಕೊಂಡಿತು, ವ್ಯಾಪಾರ ಹೋಯಿತು, 15ನೇ ಶತಮಾನದಲ್ಲಿ ಕಟ್ಟಿದ ಚರ್ಚು ಉಳಿಯಿತು. ಒಳಗೆ ಹೋದರೆ ಮೊದಲು ಕಾಣುವುದು ಬೆಳಕು, ಏಕೆಂದರೆ ಬಣ್ಣದ ಗಾಜು ಬಹುಪಾಲು ಇಲ್ಲ. ತಲೆಯೆತ್ತಿದರೆ ಸೂರಿನ ತೊಲೆಗಳುದ್ದಕ್ಕೂ ಮರದ ದೇವದೂತರು ರೆಕ್ಕೆ ಬಿಚ್ಚಿ ಜೋಡಿ ಜೋಡಿಯಾಗಿ ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದಾರೆ. ಹಳೆಯ ಬಣ್ಣ ಇನ್ನೂ ಅಲ್ಲಲ್ಲಿ ಮೆತ್ತಿಕೊಂಡಿದೆ. ನಮ್ಮ ಯಜಮಾನರು ಸಿವಿಲ್ ಎಂಜಿನಿಯರ್ ಆಗಿದ್ದವರು, ಅವರಿಗೆ ದೇವದೂತರಿಗಿಂತ ತೊಲೆಯ ಜೋಡಣೆ ಮುಖ್ಯ. ಬೆಂಚಿನ ಮೇಲೆ ಅಂಗಾತ ಮಲಗಿ ದುರ್ಬೀನು ಹಿಡಿಯುತ್ತಾರೆ. ಹೂವು ಜೋಡಿಸಲು ಬಂದಿದ್ದ ಹೆಂಗಸೊಬ್ಬರು ಒಮ್ಮೆ ಇವರಿಗೆ ಏನೋ ಆಗಿಹೋಗಿದೆ ಎಂದು ಗಾಬರಿಯಿಂದ ಹೂವಿನ ಪಾತ್ರೆಯ ನೀರನ್ನೇ ತಂದಿದ್ದರು.

ಆ ದೇವದೂತರ ಮೈಯಲ್ಲಿ ಸೀಸದ ಗುಂಡುಗಳು ಸಿಕ್ಕಿವೆ. 17ನೇ ಶತಮಾನದ ಅಂತರ್ಯುದ್ಧದ ಕಾಲದಲ್ಲಿ ಪೂರ್ವ ಭಾಗದ ಚರ್ಚುಗಳ ವಿಗ್ರಹ, ಚಿತ್ರಗಳನ್ನು ಒಡೆಸಲೆಂದೇ ವಿಲಿಯಂ ಡೌಸಿಂಗ್ ಎಂಬ ಅಧಿಕಾರಿಯನ್ನು ನೇಮಿಸಿದ್ದರು. ಎಲ್ಲಿ ಏನೇನು ಒಡೆಸಿದೆ ಎಂದು ಆತ ದಿನಚರಿ ಬೇರೆ ಬರೆದಿಟ್ಟಿದ್ದಾನೆ. 1644ರಲ್ಲಿ ಬ್ಲೈತ್‌ಬರಕ್ಕೂ ಬಂದು ದೇವದೂತರನ್ನು ಕೆಳಗಿಳಿಸಿ ಎಂದು ಆಜ್ಞೆ ಮಾಡಿ ಹೋದ. ಹಾಗಾಗಿ ಗುಂಡು ಹೊಡೆದದ್ದು ಅವನ ಕಡೆಯವರೇ ಎಂದು ಬಹುಕಾಲ ಜನ ನಂಬಿದ್ದರು. ಆಮೇಲೆ ನೋಡಿದರೆ ಚರ್ಚಿನ 18ನೇ ಶತಮಾನದ ಲೆಕ್ಕದ ಪುಸ್ತಕದಲ್ಲಿ ಬೇರೆಯೇ ಕಥೆ: ಸೂರಿನಲ್ಲಿ ಗೂಡು ಕಟ್ಟುತ್ತಿದ್ದ ಕಾಗೆ ಜಾತಿಯ ಹಕ್ಕಿಗಳನ್ನು ಹೊಡೆಯಲು ಮದ್ದುಗುಂಡಿಗೆಂದು ಕೊಟ್ಟ ಹಣದ ಬಾಬತ್ತು! ಹಕ್ಕಿಗೆ ಇಟ್ಟ ಗುರಿ ತಪ್ಪಿ ದೇವದೂತರಿಗೆ ತಗುಲಿದೆ. ಆಯುಷ್ಯವೆಲ್ಲ ಲೆಕ್ಕದ ಪುಸ್ತಕದೊಂದಿಗೆ ಕಳೆದ ನನಗೆ ಈ ಕಥೆ ಎಷ್ಟು ಹಿಡಿಸಿತೆಂದು ಹೇಳಬೇಕಾಗಿಲ್ಲ.

ಅದೇ ಚರ್ಚಿನ ಉತ್ತರದ ಬಾಗಿಲ ಮೇಲೆ ಸುಟ್ಟ ಗುರುತುಗಳಿವೆ. 1577ರ ಆಗಸ್ಟ್‌ನಲ್ಲಿ ಪ್ರಾರ್ಥನೆ ನಡೆಯುತ್ತಿದ್ದಾಗಲೇ ಸಿಡಿಲು ಬಡಿದು ಗೋಪುರದ ಶಿಖರ ಕುಸಿಯಿತು, ಒಬ್ಬ ಗಂಡಸು ಮತ್ತು ಒಬ್ಬ ಹುಡುಗ ಸತ್ತರು. ಕರಿ ನಾಯಿಯ ರೂಪದಲ್ಲಿ ಸೈತಾನನೇ ಬಂದು ಬಾಗಿಲು ಪರಚಿ ಹೋದ ಎಂದು ಊರವರು ಹೇಳಿಕೊಂಡರು, ಈಗಲೂ ಹೇಳುತ್ತಾರೆ. ಬೆಂಚುಗಳ ತುದಿಯಲ್ಲಿ ಮನುಷ್ಯನ ಪಾಪಗಳನ್ನು ಕೆತ್ತಿದ್ದಾರೆ. ಹೊಟ್ಟೆಬಾಕ ತನ್ನ ಹೊಟ್ಟೆಯನ್ನು ತಾನೇ ತಬ್ಬಿಕೊಂಡಿದ್ದಾನೆ, ಸೋಮಾರಿ ಹಾಸಿಗೆ ಬಿಟ್ಟು ಏಳುವುದೇ ಇಲ್ಲ. ಇಷ್ಟೂ ಒಂದೇ ಚರ್ಚಿನಲ್ಲಿ.

ಅಲ್ಲಿಂದ ಕೆಲವೇ ಮೈಲಿ ದೂರದ ವೆನ್ಹಾಸ್ಟನ್‌ನಲ್ಲಿ ಇನ್ನೊಂದು ಬಗೆ. ಮಧ್ಯಯುಗದಲ್ಲಿ ಓದು ಬಾರದ ಜನಕ್ಕಾಗಿ ಗೋಡೆಯ ತುಂಬ ಚಿತ್ರ ಬರೆಸುತ್ತಿದ್ದರು. ಅದರಲ್ಲೂ ಗರ್ಭಗುಡಿಗೆ ಹೋಗುವ ಕಮಾನಿನ ಮೇಲೆ ಅಂತಿಮ ತೀರ್ಪಿನ ಚಿತ್ರ, ಅಂದರೆ ಪುಣ್ಯವಂತರು ಒಂದು ಕಡೆಗೆ, ಪಾಪಿಗಳು ಇನ್ನೊಂದು ಕಡೆಗೆ. ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ ರೋಮ್‌ನ ಪೋಪರ ಜೊತೆ ಸಂಬಂಧ ಕಡಿದುಕೊಂಡ ಮೇಲೆ, ವಿಶೇಷವಾಗಿ ಅವನ ಮಗ ಆರನೇ ಎಡ್ವರ್ಡನ ಕಾಲದಲ್ಲಿ, ಈ ಚಿತ್ರಗಳೆಲ್ಲ ಮೂಢನಂಬಿಕೆ ಎಂದು ಸುಣ್ಣ ಬಳಿದರು. ವೆನ್ಹಾಸ್ಟನ್‌ನ ಚಿತ್ರ ಮರದ ಹಲಗೆಗಳ ಮೇಲೆ ಬರೆದದ್ದು. 1892ರಲ್ಲಿ ಚರ್ಚು ರಿಪೇರಿ ಮಾಡುವಾಗ ಸುಣ್ಣ ಬಳಿದ ಹಳೇ ಹಲಗೆಗಳೆಂದು ಕಿತ್ತು ಹೊರಗೆ ಸಮಾಧಿಗಳ ಬಳಿ ಎಸೆದರು. ರಾತ್ರಿ ಮಳೆ ಬಂತು. ಬೆಳಗ್ಗೆ ನೋಡಿದರೆ ಸುಣ್ಣ ಕರಗಿ, ಒಳಗಿಂದ ದೇವದೂತ ಮೈಕೇಲ, ಅವನ ಕೈಯಲ್ಲಿ ಆತ್ಮಗಳನ್ನು ತೂಗುವ ತಕ್ಕಡಿ, ಪಕ್ಕದಲ್ಲಿ ಸೈತಾನ, ಮೀನಿನಂತೆ ಬಾಯಿ ತೆರೆದ ನರಕ! ಸ್ವರ್ಗದ ಬಾಗಿಲಲ್ಲಿ ಸೇಂಟ್ ಪೀಟರನ ಮುಂದೆ ನಿಂತವರೆಲ್ಲ ಬೆತ್ತಲೆ, ಆದರೆ ರಾಜನ ತಲೆಯ ಮೇಲೆ ಕಿರೀಟ, ಬಿಷಪ್ಪರ ತಲೆಯ ಮೇಲೆ ಟೋಪಿ ಹಾಗೇ ಇವೆ. ಉಡುಪೆಲ್ಲ ಹೋದರೂ ಪದವಿ ಬಿಡಲೊಲ್ಲದವರನ್ನು ಆ ಚಿತ್ರಕಾರ ಎಷ್ಟು ಸಲೀಸಾಗಿ ಗೇಲಿ ಮಾಡಿದ್ದಾನೆ ನೋಡಿ. ಅಥವಾ ಯಾರು ಯಾರೆಂದು ಗೊತ್ತಾಗಲಿ ಎಂದಷ್ಟೇ ಬರೆದಿರಬಹುದು, ನನಗೆ ಗೇಲಿಯೇ ಇಷ್ಟ. ಚಿತ್ರದ ನಡುವೆ ಬಣ್ಣವಿಲ್ಲದ ಖಾಲಿ ಆಕಾರಗಳಿವೆ. ಅಲ್ಲಿ ಮರದ ಶಿಲುಬೆ, ಮೇರಿ, ಯೋಹಾನರ ಮೂರ್ತಿಗಳಿದ್ದವು, ಅವು ಹೋದ ಮೇಲೆ ಉಳಿದದ್ದು ನೆರಳಿನಂಥ ಗುರುತು ಮಾತ್ರ.

ಬ್ಲೈತ್‌ಬರ ನೋಡಿದವರು ವೆನ್ಹಾಸ್ಟನ್ನನ್ನೂ ನೋಡಿದ ಹಾಗಾಯಿತೇ? ಇನ್ನು ಸಫೋಕ್ ದಾಟಿದರಂತೂ ಮುಗಿಯಿತು. ಡರಂ ಕೌಂಟಿಯ ಎಸ್ಕಂ ಹಳ್ಳಿಯ ಚರ್ಚು 7ನೇ ಶತಮಾನದ್ದು, ರೋಮನ್ನರು ಬಿಟ್ಟುಹೋದ ಕೋಟೆಯ ಕಲ್ಲುಗಳನ್ನು ಹೊತ್ತು ತಂದು ಕಟ್ಟಿದ್ದು. ಅದರ ಗೋಡೆಯಲ್ಲಿ ರೋಮನ್ ಪಡೆಯ ಹೆಸರಿರುವ ಕಲ್ಲೊಂದು ತಲೆಕೆಳಗಾಗಿ ಕೂತಿದೆ. ಎಸೆಕ್ಸ್‌ನ ಗ್ರೀನ್‌ಸ್ಟೆಡ್‌ನಲ್ಲಿ ಗೋಡೆಯೇ ಓಕ್ ಮರದ ಸೀಳು ದಿಮ್ಮಿಗಳದು, ಸುಮಾರು 11ನೇ ಶತಮಾನದ ಮರ ಇವತ್ತಿಗೂ ಭಾರ ಹೊತ್ತು ನಿಂತಿದೆ. ಗ್ಲಾಸ್ಟರ್‌ಶೈರ್‌ನ ಫೇರ್‌ಫರ್ಡ್‌ನಲ್ಲಿ 1500ರ ಸುಮಾರಿನ ಬಣ್ಣದ ಗಾಜಿನ ಕಿಟಕಿಗಳು 28 ಇವೆ, ಇಡೀ ಸೆಟ್ಟು. ಉಣ್ಣೆ ವ್ಯಾಪಾರದ ಹಣದಲ್ಲಿ ಎದ್ದ ಚರ್ಚು ಅದು. ಹೊರಗಡೆ ಚರ್ಚಿನಲ್ಲೇ ಬಾಳಿದ ಟಿಡಲ್ಸ್ ಎಂಬ ಬೆಕ್ಕಿಗೆ ಕಲ್ಲಿನ ಸಮಾಧಿ ಇದೆ, ನಮ್ಮ ಮೊಮ್ಮಗಳು 28 ಕಿಟಕಿಗಳನ್ನು ಬಿಟ್ಟು ಅದರ ಮುಂದೆಯೇ ಕೂತಳು. ಯಾರ್ಕ್‌ಶೈರ್‌ನ ವಿಟ್ಬಿಯಲ್ಲಿ 199 ಮೆಟ್ಟಿಲು ಹತ್ತಿದರೆ ಮರದ ಪೆಟ್ಟಿಗೆಯಂಥ ಆಸನಗಳ ಚರ್ಚು. ಮೂರು ಅಂತಸ್ತಿನ ಉಪದೇಶ ಪೀಠಕ್ಕೆ ಕಿವಿಗೆ ಹಿಡಿಯುವ ತುತ್ತೂರಿಗಳನ್ನು ಜೋಡಿಸಿದ್ದಾರೆ, ಪಾದ್ರಿಗಳೊಬ್ಬರ ಹೆಂಡತಿಗೆ ಕಿವಿ ಕೇಳುತ್ತಿರಲಿಲ್ಲವಂತೆ. ಗಂಡನ ಉಪದೇಶ ತಪ್ಪಿಸಿಕೊಳ್ಳಲು ಆಕೆಗಿದ್ದ ಒಂದೇ ದಾರಿಯನ್ನೂ ಮುಚ್ಚಿದರು ಪಾಪ.

ಕೆಂಟ್‌ನ ಟ್ಯೂಡ್ಲಿಯ ಬಗ್ಗೆ ಎರಡು ಮಾತು ಹೇಳಲೇಬೇಕು, ಹಳೇ ಚರ್ಚಿನಲ್ಲಿ ನೋಡುವಂಥದ್ದೆಲ್ಲ ಹಳೇ ಕಾಲದ್ದೇ ಅಲ್ಲ ಎಂಬುದಕ್ಕೆ. ಅಲ್ಲಿನ ದೊಡ್ಡ ಮನೆಯ ಸಾರಾ ಎಂಬ ಹುಡುಗಿ 1963ರಲ್ಲಿ ದೋಣಿ ಅವಘಡದಲ್ಲಿ ಮುಳುಗಿ ತೀರಿಕೊಂಡಳು, 21 ವರ್ಷ. ತಂದೆ ಯಹೂದಿ, ತಾಯಿ ಆಂಗ್ಲಿಕನ್, ಅಂದರೆ ಚರ್ಚ್ ಆಫ್ ಇಂಗ್ಲೆಂಡಿನ ಕ್ರೈಸ್ತರು. ಮಗಳ ನೆನಪಿಗೆ ಒಂದು ಕಿಟಕಿ ಮಾಡಿಕೊಡಿ ಎಂದು ಯಹೂದಿ ಕಲಾವಿದ ಮಾರ್ಕ್ ಶಗಾಲ್ ಅವರನ್ನು ಕೇಳಿದರು. 1967ರಲ್ಲಿ ಕಿಟಕಿ ಕೂರಿಸಲು ಬಂದ ಶಗಾಲ್ ಆ ಪುಟ್ಟ ಚರ್ಚನ್ನು ನೋಡಿ ಉಳಿದವನ್ನೂ ನಾನೇ ಮಾಡುತ್ತೇನೆ ಎಂದರು. 12 ಕಿಟಕಿಗಳೂ ಅವರವೇ, ಕೊನೆಯವು ಬಂದದ್ದು 1985ರಲ್ಲಿ, ಅವರು ತೀರಿಕೊಂಡ ವರ್ಷ. ಪೂರ್ವದ ಕಿಟಕಿಯ ನೀಲಿ ನೀರಿನಲ್ಲಿ ಹುಡುಗಿ ಮಲಗಿದ್ದಾಳೆ. ಹೆಣ್ಣುಮಕ್ಕಳಿರುವ ಯಾರೂ ಅದರ ಮುಂದೆ ಹೆಚ್ಚು ಹೊತ್ತು ಮಾತಾಡಲಾರರು.

ಈಗ 'ನಮಗೇಕೆ' ಎಂಬ ಪ್ರಶ್ನೆ. ಇದನ್ನು ಕೇಳಿದ್ದು ಒಳ್ಳೆಯದೇ ಆಯಿತು. ಶ್ರಾಪ್‌ಶೈರ್‌ನ ಮೋರ್ಟನ್ ಸೇ ಎಂಬ ಸಣ್ಣ ಹಳ್ಳಿಯ ಸೇಂಟ್ ಮಾರ್ಗರೆಟ್ ಚರ್ಚಿನಲ್ಲಿ ರಾಬರ್ಟ್ ಕ್ಲೈವ್‌ನನ್ನು ಹೂಳಿದ್ದಾರೆ, ಪ್ಲಾಸಿಯ ಅದೇ ಕ್ಲೈವ್. 1774ರಲ್ಲಿ ಸತ್ತಾಗ ಅವನು ಈ ದೇಶದ ಭಾರಿ ಸಿರಿವಂತರಲ್ಲಿ ಒಬ್ಬ. ಆದರೂ ಗೋರಿಯ ಮೇಲೆ ಗುರುತಿಲ್ಲ. ಗೋಡೆಯ ಮೇಲೊಂದು ಹಿತ್ತಾಳೆಯ ಫಲಕ, 'ಇಂಡಿಯಾದಲ್ಲಿ ಮೊದಲಿಗ' ಎಂದು ಲ್ಯಾಟಿನ್ನಿನಲ್ಲಿ. ಬಂಗಾಳದ ಖಜಾನೆಯನ್ನು ಹೊತ್ತು ತಂದವನು ಕೊನೆಗೆ ಯಾವ ಕಲ್ಲಿನ ಕೆಳಗಿದ್ದಾನೆ ಎಂದು ತೋರಿಸಲೂ ಆಗದ ಆ ಜಾಗವನ್ನು ನಮ್ಮವರು ನೋಡಬೇಡವೇ? ನಾನಂತೂ ನೋಡಲೇಬೇಕೆಂದು ಹೋದೆ. ನಮ್ಮ ಯಜಮಾನರು ಒಳಗೆ ಬರಲಿಲ್ಲ, ಅದು ಅವರ ಪ್ರತಿಭಟನೆ. ವಾರನ್ ಹೇಸ್ಟಿಂಗ್ಸ್ ಇರುವುದು ಡೇಲ್ಸ್‌ಫರ್ಡ್‌ನಲ್ಲಿ, ಗ್ಲಾಸ್ಟರ್‌ಶೈರ್‌ನಲ್ಲೇ. ಇನ್ನು ಮದರಾಸು, ಕಲ್ಕತ್ತ, ಬೊಂಬಾಯಿಗಳಲ್ಲಿ ಸತ್ತ ಕಂಪನಿ ಸರ್ಕಾರದ ಅಧಿಕಾರಿಗಳ ಅಮೃತಶಿಲೆಯ ಫಲಕಗಳು ಎಷ್ಟೋ ಹಳ್ಳಿ ಚರ್ಚಿನ ಗೋಡೆಗಳಲ್ಲಿವೆ. ಅವನ್ನು ಓದುವಾಗ ಒಂದು ಗಮನಿಸಿ: ಎಲ್ಲರೂ ಸದ್ಗುಣಿಗಳು, ಎಲ್ಲರೂ ಪರೋಪಕಾರಿಗಳು.

ನಮ್ಮ ಮನೆಯಿಂದ ಪಶ್ಚಿಮಕ್ಕೆ, ಸಫೋಕ್‌ನ ಇನ್ನೊಂದು ಅಂಚಿನ ಎಲ್ವ್‌ಡನ್ ಚರ್ಚಿನ ಅಂಗಳದಲ್ಲಿ ಮಹಾರಾಜ ದಿಲೀಪ್ ಸಿಂಗ್ ಇದ್ದಾರೆ. ಪಂಜಾಬಿನ ಕೊನೆಯ ಸಿಖ್ ದೊರೆ. 1849ರಲ್ಲಿ ಇನ್ನೂ ಹುಡುಗನಾಗಿದ್ದಾಗಲೇ ರಾಜ್ಯವನ್ನೂ ಕೊಹಿನೂರನ್ನೂ ಕಿತ್ತುಕೊಂಡು, ಆಮೇಲೆ ಇಂಗ್ಲೆಂಡಿಗೆ ತಂದಿಟ್ಟರು. ಕೊನೆಗಾಲದಲ್ಲಿ ಮತ್ತೆ ಸಿಖ್ ಧರ್ಮಕ್ಕೆ ಮರಳಿದ್ದರೂ, 1893ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡಾಗ ಇಲ್ಲಿಗೆ ತಂದು ಕ್ರೈಸ್ತ ವಿಧಿಯಲ್ಲಿ ಹೂಳಿದರು. ಹೆಂಡತಿ, ಮಗನ ಗೋರಿಗಳೂ ಪಕ್ಕದಲ್ಲಿವೆ. ದೂರದೂರದಿಂದ ಸಿಖ್ಖರು ಬಂದು ಹೂವಿಟ್ಟು ಹೋಗುತ್ತಾರೆ. ಬ್ರಿಸ್ಟಲ್ ಬಳಿಯ ಹೆನ್ಬರಿಯಲ್ಲಿ 1720ರಲ್ಲಿ 18ನೇ ವಯಸ್ಸಿಗೇ ಸತ್ತ ಆಫ್ರಿಕದ ಹುಡುಗನೊಬ್ಬನ ಗೋರಿ ಇದೆ. ಶ್ರೀಮಂತರ ಮನೆಯ ಸೇವಕ, ಒಡೆಯರು ಇಟ್ಟ ಹೆಸರು ಸಿಪಿಯೋ ಆಫ್ರಿಕಾನಸ್. ಕಲ್ಲಿಗೆ ಬಣ್ಣ ಹಚ್ಚಿ ಕಪ್ಪು ಮುಖದ ದೇವದೂತರನ್ನು ಕೆತ್ತಿದ್ದಾರೆ. ಅವನ ನಿಜವಾದ ಹೆಸರು ಮಾತ್ರ ಎಲ್ಲೂ ಇಲ್ಲ.

ನನಗೆ ಹೆಚ್ಚು ಬೇಕಾದವರು ದೊರೆಗಳೂ ಅಲ್ಲ, ಕ್ಲೈವನೂ ಅಲ್ಲ, ಗೋಡೆ ಗೀಚಿದವರು. ಹಾರ್ಟ್‌ಫರ್ಡ್‌ಶೈರ್‌ನ ಆಶ್‌ವೆಲ್ ಚರ್ಚಿನ ಗೋಪುರದ ಗೋಡೆಯಲ್ಲಿ ಪ್ಲೇಗಿನ ಕಾಲದವರು ಲ್ಯಾಟಿನ್ನಿನಲ್ಲಿ ಕೊರೆದ ಸಾಲುಗಳಿವೆ: 1350, ಘೋರ ಕಾಲ, ಸಾಕ್ಷಿ ಹೇಳಲು ಉಳಿದವರು ಜನರಲ್ಲಿ ಕೀಳಾದವರು ಮಾತ್ರ ಎಂಬ ಅರ್ಥದಲ್ಲಿ. ಅದರ ಕೆಳಗೆ 1361ರ ಬಿರುಗಾಳಿಯ ಮಾತು. ಆಕ್ಸ್‌ಫರ್ಡ್‌ಶೈರ್‌ನ ಬರ್ಫರ್ಡ್‌ನಲ್ಲಿ, ಅದೇ ಅಂತರ್ಯುದ್ಧದಲ್ಲಿ ರಾಜನ ವಿರುದ್ಧ ಹೋರಾಡಿದ ಕ್ರಾಮ್‌ವೆಲ್ಲನ ಸೈನ್ಯದೊಳಗೇ ಸಮಾನತೆ ಕೇಳಿ ದಂಗೆಯೆದ್ದ ಸೈನಿಕರನ್ನು ಹಿಡಿದು ಚರ್ಚಿನೊಳಗೆ ಕೂಡಿಹಾಕಿದ್ದರು. ಅವರಲ್ಲಿ ಮೂವರನ್ನು ಹೊರಗೆ ಅಂಗಳದಲ್ಲಿ ಗುಂಡಿಟ್ಟು ಕೊಂದರು. ಜ್ಞಾನಸ್ನಾನದ ತೊಟ್ಟಿಯ ಸೀಸದ ಅಂಚಿನಲ್ಲಿ ಆಂಟನಿ ಸೆಡ್ಲಿ ಎಂಬ ಸೈನಿಕ ತನ್ನ ಹೆಸರು, 1649, ಕೈದಿ ಎಂದು ಕೊರೆದಿದ್ದಾನೆ, ಕಾಗುಣಿತ ತಪ್ಪಾಗಿ. ಮ್ಯೂಸಿಯಮ್ಮಿನಲ್ಲಿ ಇದಕ್ಕೆ ಗಾಜು ಹಾಕಿರುತ್ತಿದ್ದರು. ಇಲ್ಲಿ ಬೆರಳಿಂದ ಸವರಬಹುದು (ಸವರಬಾರದು, ಆದರೂ).

ಇದನ್ನೆಲ್ಲ ಕಾಯುವವರು ಯಾರು ಎಂದು ಪ್ರತಿಕ್ರಿಯೆ ಬರೆದವರು ಕೇಳಲಿಲ್ಲ, ಕೇಳಬೇಕಿತ್ತು. ಚರ್ಚ್ ಆಫ್ ಇಂಗ್ಲೆಂಡಿಗೆ ಸುಮಾರು 16,000 ಚರ್ಚುಗಳಿವೆ, ಬಹುಪಾಲು ಸಂರಕ್ಷಿತ ಕಟ್ಟಡಗಳು. ಆದರೆ ಚರ್ಚಿನ ಸೂರು ಸೋರಿದರೆ ರಿಪೇರಿಯ ಹೊಣೆ ಆಯಾ ಊರಿನ ಚರ್ಚ್ ಸಮಿತಿಯದೇ, ಸರ್ಕಾರದ್ದಲ್ಲ. ಆ ಸಮಿತಿಯಲ್ಲಿ ಇರುವವರು ನನ್ನಂಥ ಮುದುಕಿಯರು. ಕೇಕ್ ಮಾರಿ, ಹಳೇ ಪುಸ್ತಕ ಮಾರಿ, ಕಾಫಿ ಕೊಟ್ಟು ದುಡ್ಡು ಕೂಡಿಸುತ್ತಾರೆ. ಒಬ್ಬ ಪಾದ್ರಿಗೆ ಐದಾರು ಹಳ್ಳಿ, ಹಾಗಾಗಿ ಕೆಲವು ಕಡೆ ತಿಂಗಳಿಗೊಂದೇ ಪ್ರಾರ್ಥನೆ. ಕಳ್ಳರು ಸೂರಿನ ಸೀಸದ ತಗಡನ್ನು ರಾತ್ರೋರಾತ್ರಿ ಸುಲಿದುಕೊಂಡು ಹೋಗುತ್ತಾರೆ. ಬಾವಲಿಗಳು ಒಳಗೆ ಸೇರಿಕೊಂಡರೆ ಕಾನೂನಿನ ಪ್ರಕಾರ ಓಡಿಸುವಂತಿಲ್ಲ, ಹಿಕ್ಕೆ ಗುಡಿಸಬೇಕು ಅಷ್ಟೆ. ಪ್ರಾರ್ಥನೆಯೇ ನಿಂತುಹೋದ ಕೆಲವನ್ನು ನೋಡಿಕೊಳ್ಳಲು ಸಂಸ್ಥೆಗಳಿವೆ. 1957ರಲ್ಲಿ ಹುಟ್ಟಿದ 'ಫ್ರೆಂಡ್ಸ್ ಆಫ್ ಫ್ರೆಂಡ್‌ಲೆಸ್ ಚರ್ಚಸ್' ಒಂದು, 350ಕ್ಕೂ ಹೆಚ್ಚು ಚರ್ಚುಗಳನ್ನು ನೋಡಿಕೊಳ್ಳುವ 'ಚರ್ಚಸ್ ಕನ್ಸರ್ವೇಶನ್ ಟ್ರಸ್ಟ್' ಇನ್ನೊಂದು. ಕೆಲವು ಕಡೆ ಬೇಸಗೆಯಲ್ಲಿ ಚರ್ಚಿನೊಳಗೇ ಮಂಚ ಹಾಕಿಸಿ ರಾತ್ರಿ ತಂಗಲು ಬಾಡಿಗೆಗೆ ಕೊಡುತ್ತಾರೆ. ನಮ್ಮ ಯಜಮಾನರು ಒಪ್ಪಿಲ್ಲ.

ಅದಕ್ಕೇ ಹೋದವರು ಸಂದರ್ಶಕರ ಪುಸ್ತಕದಲ್ಲಿ ಹೆಸರು ಬರೆದು ಬನ್ನಿ. ರಿಪೇರಿಗೆ ಅನುದಾನ ಕೇಳುವಾಗ ಇಷ್ಟು ಜನ ಬರುತ್ತಾರೆ ಎಂದು ತೋರಿಸಲು ಅದು ಕೆಲಸಕ್ಕೆ ಬರುತ್ತದೆ. ಕನ್ನಡದಲ್ಲೇ ಬರೆಯಿರಿ, ನಾನು ಹಾಗೇ ಮಾಡುವುದು.

ಮಗನ ಮನೆಗೆ, ಮಗಳ ಬಾಣಂತನಕ್ಕೆ ಎಂದು ಆರು ತಿಂಗಳಿಗೆ ಇಲ್ಲಿಗೆ ಬರುವ ತಂದೆತಾಯಂದಿರು ಮಕ್ಕಳು ಕೆಲಸಕ್ಕೆ ಹೋದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಟಿ.ವಿ. ಮುಂದೆ ಕೂರುವುದನ್ನು ನೋಡಿ ಇಷ್ಟು ಉದ್ದ ಬರೆಯುತ್ತಿದ್ದೇನೆ. ಹೆಚ್ಚಿನ ಊರುಗಳಲ್ಲಿ ನಡೆದು ಹೋಗುವ ದೂರದಲ್ಲೇ ಒಂದು ಹಳೇ ಚರ್ಚು ಇರುತ್ತದೆ. ಇಲ್ಲಿನ ಸರ್ಕಾರಿ ಭೂಮಾಪನ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ನಕ್ಷೆ ಸಿಕ್ಕರೆ ನೋಡಿ: ಶಿಲುಬೆಯ ಕೆಳಗೆ ಕರಿ ಚೌಕವಿದ್ದರೆ ಚಪ್ಪಟೆ ಗೋಪುರ, ಕರಿ ಚುಕ್ಕೆಯಿದ್ದರೆ ಚೂಪು ಶಿಖರ, ಬರೀ ಶಿಲುಬೆಯಾದರೆ ಎರಡೂ ಇಲ್ಲ. ಚಪ್ಪಲಿ ಬಿಡಬೇಕಾಗಿಲ್ಲ, ಗಂಡಸರು ಟೋಪಿ ತೆಗೆದರೆ ಮರ್ಯಾದೆ. ನೀವು ಯಾವ ಜಾತಿ, ಯಾವ ಧರ್ಮ ಎಂದು ಯಾರೂ ಕೇಳುವುದಿಲ್ಲ, ಎಲ್ಲಿಂದ ಬಂದಿರಿ ಎಂದು ಖಂಡಿತ ಕೇಳುತ್ತಾರೆ. ಮದುವೆಯೋ ಶವಸಂಸ್ಕಾರವೋ ನಡೆಯುತ್ತಿದ್ದರೆ ಹೊರಗೇ ಉಳಿಯಿರಿ. ಒಳಗೆ ಹೊರಗಿಗಿಂತ ಹೆಚ್ಚು ಚಳಿ, ಸ್ವೆಟರ್ ಬಿಚ್ಚಬೇಡಿ. ಹೊರಬರುವಾಗ ಹಕ್ಕಿ ಒಳನುಗ್ಗದಂತೆ ಮಂಟಪದ ಜಾಲರಿ ಬಾಗಿಲನ್ನು ಮರೆಯದೆ ಹಾಕಿ. ಸೆಪ್ಟೆಂಬರಿನಲ್ಲಿ ಬಂದರೆ ಇನ್ನೂ ಒಳ್ಳೆಯದು. ಆ ತಿಂಗಳ ಎರಡನೇ ಶನಿವಾರ ಸೈಕಲ್ಲಿನಲ್ಲೂ ನಡೆದೂ ಚರ್ಚಿನಿಂದ ಚರ್ಚಿಗೆ ಹೋಗಿ ಹಣ ಸಂಗ್ರಹಿಸುತ್ತಾರೆ, ಸದಾ ಮುಚ್ಚಿರುವಂಥವೂ ಅವತ್ತು ತೆರೆದಿರುತ್ತವೆ. ವಾರದಲ್ಲಿ ಒಂದು ಸಂಜೆ ಗಂಟೆ ಬಾರಿಸುವವರ ಅಭ್ಯಾಸವಿರುತ್ತದೆ. ರಾಗ ನುಡಿಸುವುದಿಲ್ಲ, ಗಂಟೆಗಳ ಸರದಿಯನ್ನು ಬದಲಿಸುತ್ತಾ ಹೋಗುತ್ತಾರೆ. ಏಳು ಗಂಟೆಗಳಿದ್ದರೆ ಸರದಿಗಳು 5,040, ಒಂದೂ ಮರುಕಳಿಸದಂತೆ ಬಾರಿಸಿ ಮುಗಿಸಲು ಸುಮಾರು ಮೂರು ತಾಸು. ಲೆಕ್ಕದ ಮೇಷ್ಟ್ರಾಗಿದ್ದವರಿಗೆ ಇದಕ್ಕಿಂತ ಒಳ್ಳೆಯ ಸಂಜೆ ಸಿಗಲಾರದು, ಕೇಳಿದರೆ ಗೋಪುರದ ಮೇಲಕ್ಕೂ ಕರೆಯುತ್ತಾರೆ.

ಪ್ರತಿಕ್ರಿಯೆ ಬರೆದ ಮಹನೀಯರು ಮತ್ತೊಮ್ಮೆ ಈ ಕಡೆ ಬರುವುದಾದರೆ ಇಪ್ಸ್‌ವಿಚ್‌ನಿಂದ ರೈಲು ಹತ್ತಿ ಹೇಲ್ಸ್‌ವರ್ತ್‌ನಲ್ಲಿ ಇಳಿಯಲಿ. ಅಲ್ಲಿಂದ ಬ್ಲೈತ್‌ಬರಕ್ಕೂ ವೆನ್ಹಾಸ್ಟನ್‌ಗೂ ಟ್ಯಾಕ್ಸಿ ಖರ್ಚು ನನ್ನದು, ಬುತ್ತಿಯೂ ನನ್ನದೇ. ಕಾಣಿಕೆ ಪೆಟ್ಟಿಗೆಗೆ ಹಾಕುವ ಐದು ಪೌಂಡು ಮಾತ್ರ ಅವರ ಜೇಬಿನಿಂದಲೇ ಬರಬೇಕು.

ಇಂತಿ,
ಸಫೋಕ್‌ನಿಂದ ನಿಮ್ಮ ಓದುಗಳು
(ಹೆಸರು ಪ್ರಕಟಿಸಬೇಡಿ, ನೆಂಟರು ಓದುತ್ತಾರೆ)